ಕೈ ಇಲ್ಲಿ, ಗೆರೆ ಅಲ್ಲಿ

ಹಳೇಬೀಡಿನ ಬಸ್ ಸ್ಟ್ಯಾಂಡಿನ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಆಶಾರಾಣಿಗೆ ಎರಡು ಕಸುಬು. ಹೂ ಕಟ್ಟಿ ಮಾರುವುದು ಅತ್ತೆ ಕೆಂಪಲಕ್ಷ್ಮಮ್ಮನಿಂದ ಬಂದದ್ದು. ಸೀರೆ, ರವಿಕೆಗಳ ಅಂಚಿಗೆ ಚಿತ್ರ ಬರೆದುಕೊಡುವುದು ಯಾರಿಂದಲೂ ಬಂದದ್ದಲ್ಲ, ತಾನಾಗಿ ಮೈಗೆ ಹತ್ತಿಕೊಂಡದ್ದು. ಮೊದಲನೆಯದು ಹೊಟ್ಟೆಗೆ. ಎರಡನೆಯದು ಯಾತಕ್ಕೆ ಅಂತ ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅದನ್ನು ಬಿಡು ಅಂದವರ ಜೊತೆ ಮಾತ್ರ ಜಗಳಕ್ಕೆ ನಿಲ್ಲುತ್ತಿದ್ದಳು.

ದೇವಸ್ಥಾನದ ಗೋಡೆಯಲ್ಲಿ ಆನೆ ಸಾಲು, ಸಿಂಹದ ಸಾಲು ದಾಟಿದ ಮೇಲೆ ಒಂದು ಬಳ್ಳಿ ಸಾಲು ಓಡುತ್ತದೆ. ಟೂರಿಸ್ಟುಗಳು ಆನೆ ನೋಡಿ ಮುಂದಕ್ಕೆ ಹೋಗುತ್ತಾರೆ, ಬಳ್ಳಿಯನ್ನು ಕೇಳುವವರಿಲ್ಲ. ಆಶಾರಾಣಿಗೆ ಅದರ ಒಂದೊಂದು ಸುಳಿಯೂ ಬಾಯಿಪಾಠ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಟ್ರೇಸಿಂಗ್ ಹಾಳೆ ಹರಡಿಕೊಂಡು, ಪೆನ್ಸಿಲ್ಲಿನಲ್ಲಿ ಆ ಬಳ್ಳಿಯನ್ನು ಹೇಗೆ ಬೇಕೋ ಹಾಗೆ ಬಾಗಿಸಿ, ಬಳುಕಿಸಿ, ಅದರ ಹೊಟ್ಟೆಯಲ್ಲೊಂದು ಗಿಣಿಯನ್ನೋ ಮೊಗ್ಗನ್ನೋ ಕೂರಿಸಿಬಿಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಊರಿನ ಟೈಲರುಗಳು ಅವಳ ಹಾಳೆ ಇಟ್ಟುಕೊಂಡೇ ಮದುವೆ ರವಿಕೆಗೆ ಕಸೂತಿ ಹಾಕಿಸುತ್ತಿದ್ದರು.

ಎರಡು ವರ್ಷದ ಹಿಂದೆ ಕಂಪ್ಯೂಟರ್ ಎಂಬ್ರಾಯ್ಡರಿ ಬಂತು ನೋಡಿ, ಅಲ್ಲಿಗೆ ಹಾಳೆಯ ಕಾಲ ಮುಗಿಯಿತು. ಯಾವುದೋ ದೂರದ ಊರಿನ ರೆಡಿಮೇಡ್ ನವಿಲು ಬಂದು ಕೂತಿತು. ಅದೇ ನವಿಲು ಬೇಲೂರಿನ ಮದುವೆಯಲ್ಲೂ ಕುಣಿಯಿತು, ಜಾವಗಲ್ಲಿನ ಮದುವೆಯಲ್ಲೂ ಕುಣಿಯಿತು. ಈ ವರ್ಷ ಆಶಾರಾಣಿಯ ಹಾಳೆ ಕೇಳಿಕೊಂಡು ಬಂದವರು ಇಡೀ ಊರಿಗೆ ಮೂರೇ ಜನ.

ಕೇಳುವವರು ಬರದಿದ್ದರೆ ನಾನೇ ಹೋಗುತ್ತೇನೆ ಅಂತ ಅವಳು ಒಂದು ಸೋಮವಾರ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಅರಸೀಕೆರೆ ಬಸ್ಸು ಹತ್ತಿದಳು. ಅಲ್ಲಿ ದರ್ಶಿನಿ ಎಂಬಾಕೆ ತನ್ನ ಗಂಡನ ಮನೆಯವರ ಸೀರೆ ಅಂಗಡಿಯ ಹಿಂದೆ ಎಂಬ್ರಾಯ್ಡರಿ ಘಟಕ ನಡೆಸುತ್ತಿದ್ದಳು. ಇನ್ನೂ ಮೂವತ್ತು ದಾಟದ ಹೆಂಗಸು, ಮಾತು ಕಡಿಮೆ, ಲೆಕ್ಕಾಚಾರ ಚುರುಕು. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಆಶಕ್ಕ, ಸುಳ್ಳು ಹೇಳಲ್ಲ, ಇಂಥ ಬಳ್ಳಿ ನಮ್ಮ ಹತ್ರ ಒಂದೂ ಇಲ್ಲ. ಆದ್ರೆ ಈ ಹಾಳೆ ಇಟ್ಕೊಂಡು ನಾನೇನ್ ಮಾಡ್ಲಿ? ಇದರ ಫೋಟೊ ತೆಗೆದು, ಗೆರೆ ಮೇಲೆ ಗೆರೆ ಎಳೆಯೋಕೆ ನಮ್ಮ ಆಪರೇಟರ್‌ಗೆ ಇಡೀ ದಿನ ಹೋಗುತ್ತೆ. ಅಷ್ಟು ಮಾಡಿದ್ರೂ ಕೊನೆಗೆ ಅದು ನಿಮ್ಮ ಬಳ್ಳಿಯಾಗಿ ಉಳಿಯಲ್ಲ."

"ಮತ್ತೆ ನಾನೇನ್ ಮಾಡ್ಬೇಕು ಮೇಡಂ?"

"ಕಂಪ್ಯೂಟರಲ್ಲೇ ಬರೀರಿ. ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ಸ್ಪಷ್ಟವಾಗಿ ಬರ್ಬೇಕು. ಈ ಮದುವೆ ಸೀಸನ್ನಿಗೆ ನಂಗೆ ಡಿಸೈನ್ ಮಾಡೋರು ಒಬ್ರು ಬೇಕು. ಹಾಸನದಲ್ಲಿ ಕೋರ್ಸ್ ಮಾಡ್ಕೊಂಡು ಬಂದಿರೋ ಸಂತೋಷ್ ಅಂತ ಒಬ್ರು ಕೇಳಿದಾರೆ. ಬರೋ ತಿಂಗಳು ಮೊದಲನೇ ಭಾನುವಾರ ಗಂಡಸಿ ಊರಿಂದ ಒಂದು ಮದುವೆ ಹುಡುಗಿ ಸೀರೆ ಅಂಚು ಮಾಡಿಸೋಕೆ ಬರ್ತಾಳೆ. ಅವಳ ಎದುರಿಗೇ ನೀವಿಬ್ರೂ ಬರೀರಿ. ಯಾರದ್ದು ಒಪ್ತಾಳೋ ಅವರಿಗೆ ಈ ಸೀಸನ್ನಿನ ಕೆಲಸ ಪೂರ್ತಿ."

"ನಂದು ಒಪ್ಪದೆ ಹೋದ್ರೆ?"

ದರ್ಶಿನಿ ಹಾಳೆಗಳನ್ನು ಜೋಪಾನವಾಗಿ ಸುತ್ತಿ ಅವಳ ಕೈಗೆ ಕೊಟ್ಟಳು. "ಬೇಜಾರ್ ಮಾಡ್ಕೋಬೇಡಿ ಆಶಕ್ಕ. ಹಾಗಾದ್ರೆ ಇನ್ಮೇಲೆ ಹಾಳೆ ತರಬೇಡಿ."

ಬೈದಿದ್ದರೆ ಆಶಾರಾಣಿ ತಿರುಗಿಸಿ ನಾಲ್ಕು ಮಾತು ಆಡುತ್ತಿದ್ದಳು. ಮೆತ್ತಗೆ ಹೇಳಿದ್ದೇ ಎದೆಗೆ ನಾಟಿತು. ಅರಸೀಕೆರೆಯಲ್ಲೂ ಬೇಡವಾದ ಮೇಲೆ ತನ್ನ ಗೆರೆಯನ್ನು ಕೇಳುವವರು ಇನ್ನೆಲ್ಲೂ ಇಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ದಿನ ಉಳಿದಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ಅವತ್ತೇ ಬಸ್ಸು ಹತ್ತುವ ಮೊದಲು ಸ್ಟ್ಯಾಂಡಿನ ಎದುರಿನ ಒಂದು ಮೊಬೈಲ್ ಅಂಗಡಿಗೆ ನುಗ್ಗಿ, "ಪೆನ್ನಲ್ಲಿ ಚಿತ್ರ ಬರೆಯೋ ಟ್ಯಾಬ್ಲೆಟ್ ಐತಾ?" ಅಂತ ಕೇಳಿದಳು. ಅಂಗಡಿಯವನು ಐತೆ ಅಂದ. ಕರ್ರಗೆ ತೆಳ್ಳಗೆ ಇದ್ದ ಒಂದು ಹಲಗೆ, ಜೊತೆಗೊಂದು ಕಡ್ಡಿ. ಬೆಲೆ ನಾನೂರು. ಇಷ್ಟು ಅಗ್ಗಕ್ಕೆ ಸಿಕ್ಕಿತಲ್ಲ, ಎಲ್ಲರೂ ಸುಮ್ಮನೆ ಹೆದರಿಸುತ್ತಾರೆ ಅಂದುಕೊಂಡು ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಸಂಜೆ ಅಡುಗೆಯನ್ನೂ ಮರೆತು ಒಂದೂವರೆ ಗಂಟೆ ಬರೆದಳು. ಕಪ್ಪು ಹಲಗೆಯ ಮೇಲೆ ಹಸಿರು ಗೆರೆ. ಬಳ್ಳಿ ಎಷ್ಟು ಚೆನ್ನಾಗಿ ಬಂತೆಂದರೆ ಗೂಡ್ಸ್ ಆಟೊ ಓಡಿಸಿ ದಣಿದು ಬಂದ ಗಂಡ ಕಿರಣನೂ ಚಪ್ಪಲಿ ಬಿಡುವುದನ್ನು ಮರೆತು ನಿಂತ.

"ಇದನ್ನ ಕಂಪ್ಯೂಟರಿಗೆ ಕಳ್ಸೋದು ಎಂಗೆ?" ಅಂತ ಕೇಳಿದಳು.

ಕಿರಣ ಹಲಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ. "ವೈರ್ ಹಾಕೋಕೆ ತೂತೇ ಇಲ್ವಲ್ಲೇ."

"ಈ ಗುಂಡಿ ಯಾಕೈತೆ ಮತ್ತೆ?" ಅಂತ ಕೆಂಪಲಕ್ಷ್ಮಮ್ಮ ಬಗ್ಗಿ, ಯಾರ ಅಪ್ಪಣೆಗೂ ಕಾಯದೆ ಅದನ್ನು ಒತ್ತಿದಳು. ಬಳ್ಳಿ, ಗಿಣಿ, ಮೊಗ್ಗು ಎಲ್ಲ ಒಂದೇ ಮಿಂಚಿಗೆ ಮಾಯ. ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು. ಮೂವರೂ ಖಾಲಿ ಹಲಗೆಯನ್ನು ನೋಡುತ್ತ ಕೂತರು.

"ಕಾಸಿಗೆ ತಕ್ಕ ಕಜ್ಜಾಯ," ಅಂದಳು ಮುದುಕಿ, ತಪ್ಪೆಲ್ಲ ಹಲಗೆಯದೇ ಅನ್ನುವ ಹಾಗೆ.

ಮರುದಿನ ಆಶಾರಾಣಿ ಆ ಹಲಗೆ ಹಿಡಿದುಕೊಂಡು ವರ್ಧಮಾನ್ ಅವರ ಹತ್ತಿರ ಹೋದಳು. ವರ್ಧಮಾನ್ ಬಸದಿ ಬೀದಿಯವರು. ಸ್ಟ್ಯಾಂಡಿನ ಬಳಿ ಜೆರಾಕ್ಸ್, ಪಹಣಿ ಪ್ರಿಂಟು, ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡಿದ್ದರು. ಊರಿಗೆಲ್ಲ ಅವರೇ ಕಂಪ್ಯೂಟರ್ ಪಂಡಿತರು. ದಿನವಿಡೀ ಗೊಣಗುತ್ತಿದ್ದರು, ಆದರೆ ಕೇಳಿಕೊಂಡು ಬಂದವರ ಕೆಲಸ ಮಾಡಿಕೊಡದೆ ಕಳಿಸಿದವರಲ್ಲ. ಹಲಗೆಯನ್ನು ನೋಡಿ ಅವರು ಕನ್ನಡಕ ಮೇಲಕ್ಕೇರಿಸಿದರು.

"ಇದು ಮಕ್ಕಳು ಗೀಚೋ ಸ್ಲೇಟು ಕಣಮ್ಮ. ಇದಕ್ಕೂ ಕಂಪ್ಯೂಟರಿಗೂ ಸಂಬಂಧ ಇಲ್ಲ."

"ಹಂಗಾದ್ರೆ ಸರಿಯಾದ್ದು ಯಾವ್ದು ಅಂತ ನೀವೇ ಹೇಳ್ಕೊಡಿ ಅಣ್ಣ. ನನ್ ಹತ್ರ ನಾಲ್ಕು ಸಾವಿರ ಐತೆ. ಅದ್ರ ಮೇಲೆ ಒಂದ್ರೂಪಾಯಿ ಇಲ್ಲ."

ವರ್ಧಮಾನ್ ಕಂಪ್ಯೂಟರಿನ ಕಡೆ ಕುರ್ಚಿ ತಿರುಗಿಸಿದರು. ಪರದೆಯ ಮೇಲೇ ಬರೆಯುವ ದೊಡ್ಡ ಟ್ಯಾಬ್ಲೆಟ್ ಒಂದನ್ನು ತೋರಿಸಿದರು. ಅದರ ಬೆಲೆಗೆ ಮನೆಗೊಂದು ಒಳ್ಳೆ ಕರು ಬರುತ್ತಿತ್ತು. ಫೋನಿನ ಅಣ್ಣನಂಥ ಸಾಧಾರಣ ಟ್ಯಾಬ್ ಒಂದನ್ನು ತೋರಿಸಿ, ತಾವೇ ತಲೆಯಾಡಿಸಿದರು. "ಇದಕ್ಕೆ ಸಿಗೋದು ರಬ್ಬರ್ ಮೂತಿ ಪೆನ್ನು. ಒತ್ತಿದ್ರೂ ಅದೇ ಗೆರೆ, ಸವರಿದ್ರೂ ಅದೇ ಗೆರೆ. ಅಂಗೈ ತಾಗಿದ್ರೆ ಅದಕ್ಕೂ ಒಂದು ಗೆರೆ. ನಿಂಗೆ ಬೇಡ." ಆಮೇಲೆ ಇನ್ನೊಂದನ್ನು ತೋರಿಸಿದರು. ಬರೀ ಕಪ್ಪು ಹಲಗೆ, ಒಂದು ಪೆನ್ನು, ಒಂದು ವೈರು. ಪರದೆಯೇ ಇಲ್ಲ.

"ಇದು ಕಲಿಯೋರು ತಗೊಳ್ಳೋದು. ಒತ್ತಿದ್ರೆ ಗೆರೆ ದಪ್ಪ, ಸವರಿದ್ರೆ ಸಣ್ಣ. ಪೆನ್ನಿಗೆ ಚಾರ್ಜ್ ಬೇಡದ್ದನ್ನೇ ತಗೋ, ಅರ್ಧಕ್ಕೆ ಕೈಕೊಡಲ್ಲ. ಈ ನಾಲ್ಕಾರು ಬಟನ್ನು, ವೈರ್‌ಲೆಸ್ಸು ಅವೆಲ್ಲ ಶೋಕಿ, ಅದಕ್ಕೆ ದುಡ್ಡು ಸುರಿಬೇಡ. ಆದ್ರೆ ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ ಆಶಮ್ಮ. ಇದರಲ್ಲಿ ಕೈ ಇಲ್ಲಿ, ಗೆರೆ ಅಲ್ಲಿ. ನೀನು ಬರೆಯೋದು ಮೇಜಿನ ಮೇಲೆ, ಚಿತ್ರ ಮೂಡೋದು ಆ ಮಾನಿಟರಲ್ಲಿ. ತಗೊಂಡೋರಲ್ಲಿ ಅರ್ಧ ಜನ ಎಂಟು ದಿನಕ್ಕೆ ಮೂಲೆಗೆ ಎಸೀತಾರೆ."

ಅದರಲ್ಲೂ ಚಿಕ್ಕದು, ದೊಡ್ಡದು ಅಂತ ಎರಡಿದ್ದವು. ಚಿಕ್ಕದರ ಬೆಲೆ ಹೆಚ್ಚುಕಡಿಮೆ ಅರ್ಧ. ಅದೇ ಸಾಕು ಅಂದರು ವರ್ಧಮಾನ್. ಇಲ್ಲಿ ಮಾತ್ರ ಆಶಾರಾಣಿ ಅವರ ಮಾತು ಕೇಳಲಿಲ್ಲ. ಎರಡರ ಅಳತೆಯನ್ನೂ ಗುರುತು ಮಾಡಿಕೊಂಡು, ಹಳೇ ಪೇಪರಿನಲ್ಲಿ ಅಷ್ಟಷ್ಟೇ ಅಗಲದ ಎರಡು ತುಂಡು ಕತ್ತರಿಸಿ, ಎರಡರ ಮೇಲೂ ಪೆನ್ಸಿಲ್ಲಿನಲ್ಲಿ ಅದೇ ಬಳ್ಳಿ ಬರೆದಳು. ಚಿಕ್ಕ ತುಂಡಿನಲ್ಲಿ ಬರೀ ಮಣಿಕಟ್ಟು ತಿರುಗಿತು, ಸುಳಿ ಮುದುಡಿಕೊಂಡು ಬಂತು. ದೊಡ್ಡದರಲ್ಲಿ ಮೊಣಕೈಯಿಂದ ಕೈ ಆಡಿತು, ಬಳ್ಳಿ ಉಸಿರಾಡಿದ ಹಾಗಿತ್ತು.

"ನಂಗೆ ದೊಡ್ಡದೇ ಬೇಕು," ಅಂದಳು.

ವರ್ಧಮಾನ್ ಎರಡೂ ತುಂಡುಗಳನ್ನು ನೋಡಿ ದೊಡ್ಡದಕ್ಕೇ ಆರ್ಡರ್ ಹಾಕಿದರು. ಮೂರು ಸಾವಿರದ ಎಂಟುನೂರು. ಟೈಲರುಗಳಿಂದ ಬಂದದ್ದನ್ನು ವರ್ಷಗಟ್ಟಲೆ ಡಬ್ಬಿಯಲ್ಲಿ ಹಾಕಿಟ್ಟಿದ್ದ ಹಣ ಅದು. ಗೆರೆಯ ದುಡ್ಡು ಗೆರೆಗೇ ಹೋಯಿತು ಅಂತ ಅವಳಿಗೆ ಒಳಗೊಳಗೇ ಸಮಾಧಾನ.

ಟ್ಯಾಬ್ಲೆಟ್ ಬರಲು ಐದು ದಿನ ಹಿಡಿಯಿತು. ಅದನ್ನು ಸಿಕ್ಕಿಸಲು ಕಂಪ್ಯೂಟರು ಬೇಕಲ್ಲ? ಅದಕ್ಕೂ ವರ್ಧಮಾನ್ ಅವರೇ ದಾರಿ ತೋರಿಸಿದರು. ಅವರದು ಕಟ್ಟುನಿಟ್ಟಿನ ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ದಿನಾ ಐದೂವರೆಗೆಲ್ಲ ಊಟಕ್ಕೆ ಹೋಗಿ, ಆಮೇಲೆ ಏಳು ಗಂಟೆಗೆ ಮತ್ತೆ ಬಾಗಿಲು ತೆಗೆಯುತ್ತಿದ್ದರು. ಆ ಒಂದೂವರೆ ಗಂಟೆ ಕಂಪ್ಯೂಟರು ಖಾಲಿ ಕೂತಿರುತ್ತಿತ್ತು. "ಬೀಗದ ಕೈ ನಿನ್ ಹತ್ರ ಇರಲಿ. ಪಹಣಿ ಕೇಳ್ಕೊಂಡು ಯಾರಾದ್ರೂ ಬಂದ್ರೆ ಏಳಕ್ಕೆ ಬನ್ನಿ ಅನ್ನು," ಅಂದರು. ಪುಕ್ಕಟೆ ಸಿಗುವ ಚಿತ್ರದ ಸಾಫ್ಟ್‌ವೇರನ್ನೂ ಅವರೇ ಹಾಕಿಕೊಟ್ಟರು.

ಮೊದಲ ಸಂಜೆ ಆಶಾರಾಣಿ ಪೆನ್ನು ಹಿಡಿದು ಒಂದು ದುಂಡನೆ ಸುಳಿ ಎಳೆದಳು. ಪರದೆಯ ಮೇಲೆ ಕೋಳಿಮೊಟ್ಟೆ ಬಂತು. ಇನ್ನೊಂದು ಎಳೆದಳು, ಇನ್ನೊಂದು ಮೊಟ್ಟೆ. ಒಂದು ಗಂಟೆ ಹೊತ್ತು ಮೊಟ್ಟೆಯಿಟ್ಟು ಸುಸ್ತಾದಳು. ಏಳು ಗಂಟೆಗೆ ಬಂದ ವರ್ಧಮಾನ್ ನೋಡಿ, ತಮ್ಮ ಹಣೆ ತಾವೇ ಬಡಿದುಕೊಂಡರು. ಹಲಗೆ ಉದ್ದಕ್ಕಿತ್ತು, ಅವರ ಹಳೇ ಮಾನಿಟರು ಚೌಕಕ್ಕಿತ್ತು. ಉದ್ದದ್ದನ್ನು ಚೌಕದೊಳಗೆ ತುರುಕಿದರೆ ದುಂಡಗಿದ್ದದ್ದು ಇನ್ನೇನಾಗುತ್ತದೆ? ಎರಡರ ಅಳತೆಯನ್ನೂ ಹೊಂದಿಸುವ ಜಾಗ ಸೆಟ್ಟಿಂಗಿನಲ್ಲಿತ್ತು. ಅದು ಎಲ್ಲಿದೆ, ಹೇಗೆ ಬದಲಿಸುವುದು ಅಂತ ಅವಳ ಕೈಯಲ್ಲೇ ಮೂರು ಸಲ ಮಾಡಿಸಿದರು. ಮೊಟ್ಟೆ ದುಂಡಗಾಯಿತು.

ಆದರೆ ಬಳ್ಳಿ ಬರಲಿಲ್ಲ. ನಾಲ್ಕು ಸಂಜೆ ಕಳೆದರೂ ಬರಲಿಲ್ಲ. ಹದಿನಾಲ್ಕು ವರ್ಷ ಪೆನ್ಸಿಲ್ಲಿನ ತುದಿ ನೋಡಿ ಬರೆದ ಕಣ್ಣು ಮತ್ತೆ ಮತ್ತೆ ಕೈಯ ಕಡೆಗೇ ಇಳಿಯುತ್ತಿತ್ತು. ಕೈ ನೋಡಿದರೆ ಅಲ್ಲಿ ಬರೀ ಕಪ್ಪು ಹಲಗೆ. ತಲೆ ಎತ್ತುವಷ್ಟರಲ್ಲಿ ಗೆರೆ ಎಲ್ಲೋ ಹಳ್ಳಕ್ಕೆ ಬಿದ್ದಿರುತ್ತಿತ್ತು. ಅಳಿಸು, ಮತ್ತೆ ಎಳೆ, ಮತ್ತೆ ಅಳಿಸು. ಇರುವ ಹಣವನ್ನೆಲ್ಲ ತಿಪ್ಪೆಗೆ ಹಾಕಿದೆನಲ್ಲ ಅನ್ನಿಸಿ ಐದನೇ ಸಂಜೆ ಅವಳಿಗೆ ಅಳು ಬಂತು.

ಅದೇ ಹೊತ್ತಿಗೆ ಕೆಂಪಲಕ್ಷ್ಮಮ್ಮ ಬುಟ್ಟಿ ಹೊತ್ತುಕೊಂಡು ಅಂಗಡಿಯೊಳಗೆ ಬಂದಳು. ಸೊಸೆ ಇಲ್ಲದೆ ಉಳಿದ ಕಾಕಡ ಮೊಗ್ಗನ್ನು ಒಬ್ಬಳೇ ಕಟ್ಟಬೇಕಾಗಿ ಬಂದದ್ದಕ್ಕೆ ಜಗಳ ತೆಗೆಯುವ ಹುಮ್ಮಸ್ಸಿನಲ್ಲಿದ್ದಳು.

"ಈ ಹಲಗೆನೇ ಸರಿಯಿಲ್ಲ ಅತ್ತೆ," ಅಂದಳು ಆಶಾರಾಣಿ ಕಣ್ಣೊರೆಸಿಕೊಂಡು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಎಲ್ಲಿ, ಬರಿ ನೋಡಾನ."

ಆಶಾರಾಣಿ ಬರೆದಳು. ಮುದುಕಿ ಪರದೆಯನ್ನು ನೋಡಲೇ ಇಲ್ಲ, ಸೊಸೆಯ ಮುಖವನ್ನೇ ನೋಡಿದಳು.

"ಯಾಕೆ ಕೈ ನೋಡ್ತೀಯ?"

"ನೋಡ್ದೆ ಎಂಗೆ ಬರೆಯೋದು?"

"ಹೂ ಕಟ್ಟೋವಾಗ ನೋಡ್ತೀಯೇನೇ? ನೀನು ಇಲ್ಲಿಗೆ ಮದ್ವೆಯಾಗಿ ಬಂದಾಗ ಹಿಂಗೇ ಬೆರಳು ನೋಡ್ಕೊಂಡು ಒಂದ್ ಮೊಳಕ್ಕೆ ಒಂದ್ ಗಂಟೆ ಮಾಡ್ತಿದ್ದೆ. ಆವಾಗ ನಾನೇನ್ ಮಾಡ್ದೆ ಯೋಳು?"

ಆಶಾರಾಣಿಗೆ ನೆನಪಾಯಿತು. ಅವಳನ್ನು ರಸ್ತೆಗೆ ಮುಖ ಮಾಡಿ ಕೂರಿಸಿ, ಕೈಗೆ ಮೊಗ್ಗು, ದಾರ ಕೊಟ್ಟು, ಬಂದ ಬಸ್ಸುಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದು ಅಂದಿದ್ದಳು ಅತ್ತೆ. ಬೇಲೂರು, ಹಾಸನ, ಜಾವಗಲ್ಲು ಅಂತ ಕೂಗುತ್ತ ಕೂಗುತ್ತ ಹದಿನೈದೇ ದಿನದಲ್ಲಿ ಬೆರಳು ತನ್ನ ಪಾಡಿಗೆ ತಾನು ಗಂಟು ಹಾಕುವುದನ್ನು ಕಲಿತಿತ್ತು. ಈಗ ಅವಳು ಗಿರಾಕಿಯ ಜೊತೆ ಚೌಕಾಸಿ ಮಾಡುತ್ತ, ಟೂರಿಸ್ಟುಗಳಿಗೆ ದಾರಿ ಹೇಳುತ್ತ ಹತ್ತು ಮಾರು ಕಟ್ಟುತ್ತಿದ್ದಳು. ಕೈಯ ಕಡೆ ನೋಡಿ ಎಷ್ಟು ವರ್ಷವಾಗಿತ್ತೋ.

ಕೆಂಪಲಕ್ಷ್ಮಮ್ಮ ಹೂ ಸುತ್ತಲು ತಂದಿದ್ದ ಪೇಪರೊಂದನ್ನು ಬಿಚ್ಚಿ, ಸೊಸೆಯ ಕೈಯನ್ನೂ ಹಲಗೆಯನ್ನೂ ಸೇರಿಸಿ ಮುಚ್ಚಿಬಿಟ್ಟಳು. ಆಮೇಲೆ ಮಾನಿಟರಿನ ಪಕ್ಕ ಹೋಗಿ ನಿಂತಳು.

"ಈಗ ಬರಿ. ಗೆರೆ ಎಲ್ಲಿಗೆ ಓಯ್ತಾ ಐತೆ ಅಂತ ಗಟ್ಟಿಯಾಗಿ ಯೋಳ್ತಾ ಬರಿ."

ಆಶಾರಾಣಿಗೆ ನಾಚಿಕೆಯಾಯಿತು. ಆದರೂ ಹೇಳಿದಳು. "ಮೇಲಕ್ಕೆ... ಬಲಕ್ಕೆ ಬಾಗ್ತೈತೆ... ಇಲ್ಲಿ ದಪ್ಪ... ಸುಳಿ... ಒಳಗಿನ ಸುಳಿ... ಈಗ ಸಣ್ಣ, ಸಣ್ಣ..." ಮೊದಲು ನಡುಗಿದ ಗೆರೆ ನಾಲ್ಕನೇ ಸುಳಿಗೆ ನಿಂತಿತು. ಐದನೆಯದಕ್ಕೆ ಹರಿಯಿತು. ಹತ್ತನೆಯ ಸುಳಿ ಎಳೆಯುವಾಗ ಅವಳು ಮಾತು ನಿಲ್ಲಿಸಿಬಿಟ್ಟಿದ್ದಳು. ಬುಡದಲ್ಲಿ ದಪ್ಪಗೆ, ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣಗೆ, ಪೆನ್ಸಿಲ್ಲಿಗೂ ದಕ್ಕದ ನುಣುಪಿನಲ್ಲಿ ಬಳ್ಳಿ ಪರದೆಯ ತುಂಬ ಓಡಿತು. ಅವಳು ಕುರ್ಚಿಯಿಂದೆದ್ದು ಅತ್ತೆಯನ್ನು ತಬ್ಬಿಕೊಂಡಳು.

"ಬುಡು ಬುಡು, ಹೂ ನಲುಗ್ತವೆ," ಅಂದಳು ಮುದುಕಿ. ಬಾಯಿ ಮಾತ್ರ ಹಾಗೆ ಹೇಳಿತು, ಅವಳ ಕೈ ಸೊಸೆಯ ಬೆನ್ನಿನ ಮೇಲೇ ಇತ್ತು.

ಉಳಿದ ಸಂಜೆಗಳಲ್ಲಿ ಆಶಾರಾಣಿ ಅಂಗಡಿಯ ಬೀಗ ತೆಗೆದವಳು ವರ್ಧಮಾನ್ ಬಂದು ಎಬ್ಬಿಸುವ ತನಕ ಏಳಲಿಲ್ಲ. ಅವರೂ ಬರುಬರುತ್ತ ಏಳು ಗಂಟೆಯ ಬದಲು ಏಳೂಕಾಲಿಗೆ ಬರತೊಡಗಿದರು. ಬೇರೆ ಕಂಪ್ಯೂಟರಿಗೆ ಬೇಕಾದೀತು ಅಂತ ಟ್ಯಾಬ್ಲೆಟಿನ ಸಾಫ್ಟ್‌ವೇರನ್ನು ಒಂದು ಪೆನ್‌ಡ್ರೈವಿಗೆ ತುಂಬಿಕೊಟ್ಟು, ಅದನ್ನು ಹಾಕುವುದನ್ನೂ ಕಲಿಸಿದರು.

ಭಾನುವಾರ ಅತ್ತೆ, ಸೊಸೆ ಇಬ್ಬರೂ ಅರಸೀಕೆರೆಗೆ ಹೋದರು. ಬರಬೇಡಿ ಅಂದರೆ ಕೆಂಪಲಕ್ಷ್ಮಮ್ಮ ಕೇಳುವವಳಲ್ಲ. ದರ್ಶಿನಿಯ ಘಟಕದಲ್ಲಿ ಎರಡು ಮೇಜು ಹಾಕಿದ್ದರು. ಒಂದರಲ್ಲಿ ಸಂತೋಷ್ ಆಗಲೇ ಕೂತಿದ್ದ. ಒಳ್ಳೆಯ ಹುಡುಗನೇ, ಎದ್ದು ನಿಂತು ನಮಸ್ಕಾರ ಹೇಳಿದ. ಅವನ ಮುಂದೆ ಊಟದ ತಟ್ಟೆಗಿಂತ ದೊಡ್ಡ ಪರದೆಯ ಟ್ಯಾಬ್ಲೆಟ್ ಬೆಳಗುತ್ತಿತ್ತು, ಬರೆದಲ್ಲೇ ಗೆರೆ ಮೂಡುತ್ತಿತ್ತು. ಅದರ ಪಕ್ಕದಲ್ಲಿ ಆಶಾರಾಣಿಯ ಹಲಗೆ ರೊಟ್ಟಿ ಬೇಯಿಸುವ ಹೆಂಚಿನ ಹಾಗೆ ಕಾಣಿಸಿತು.

ಗಂಡಸಿಯ ಹುಡುಗಿ ಲಾವಣ್ಯ ಅಮ್ಮ ಸಾವಿತ್ರಮ್ಮನ ಜೊತೆ ಬಂದಳು. ಅಮ್ಮ ಕೂತ ತಕ್ಷಣ, "ನವಿಲು ಇರಲಿ, ಜೋಡಿ ನವಿಲು," ಅಂದರು. ಮಗಳನ್ನು ಯಾರೂ ಕೇಳಲಿಲ್ಲ. ಸಂತೋಷ್ ತಲೆ ಬಗ್ಗಿಸಿ ಶುರುಮಾಡಿಯೂ ಬಿಟ್ಟ.

ಆಶಾರಾಣಿ ದರ್ಶಿನಿಯ ಕಂಪ್ಯೂಟರಿಗೆ ವೈರು ಸಿಕ್ಕಿಸಿ ಒಂದು ಗೆರೆ ಎಳೆದಳು. ಎಷ್ಟು ಒತ್ತಿದರೂ ಗೆರೆ ದಪ್ಪವಾಗಲಿಲ್ಲ, ಹೊಲಿಗೆ ದಾರದ ಹಾಗೆ ಒಂದೇ ಸಮ ಬಂತು. ಸುಳಿ ಎಳೆದರೆ ಈ ಸಲ ಮೊಟ್ಟೆ ಅಡ್ಡಡ್ಡಲಾಗಿ ಮಲಗಿತು. ಅತ್ತೆಗೆ ಅವಳ ಮುಖ ನೋಡಿಯೇ ಗೊತ್ತಾಯಿತು. "ಏನಾಯ್ತೇ?" ಅಂತ ಪಿಸುಗುಟ್ಟಿದಳು.

"ಏನಿಲ್ಲ ಅತ್ತೆ. ಈ ಕಂಪ್ಯೂಟರಿಗೆ ನನ್ ಹಲಗೆ ಗುರ್ತಿಲ್ಲ, ಅಷ್ಟೇ."

ಅವಳು ಬ್ಯಾಗಿನಿಂದ ವರ್ಧಮಾನ್ ಕೊಟ್ಟಿದ್ದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದಳು. ಟ್ಯಾಬ್ಲೆಟಿನ ಸಾಫ್ಟ್‌ವೇರನ್ನು ತಾನೇ ಹಾಕಿದಳು. ದರ್ಶಿನಿಯ ಮಾನಿಟರು ಹೊಸದು, ಅಗಲದ್ದು. ಅಳತೆ ಹೊಂದಿಸುವ ಜಾಗಕ್ಕೆ ಹೋಗಿ ಅದಕ್ಕೆ ತಕ್ಕಂತೆ ಬದಲಿಸಿದಳು. ಸಹಾಯಕ್ಕೆ ಅಂತ ಎದ್ದು ಬಂದಿದ್ದ ಆಪರೇಟರು ಸುಮ್ಮನೆ ನಿಂತು ನೋಡಿದ. ಐದು ನಿಮಿಷದಲ್ಲಿ ಸುಳಿ ದುಂಡಗೆ ಬಂತು, ಒತ್ತಿದಲ್ಲಿ ದಪ್ಪಗೆ ಬಂತು. ಇಪ್ಪತ್ತು ದಿನದ ಹಿಂದೆ ಮಕ್ಕಳ ಸ್ಲೇಟು ಕೊಂಡು ಬಂದಿದ್ದವಳು ಇವಳೇ ಅಂದರೆ ಯಾರು ನಂಬುತ್ತಾರೆ?

ಈಗ ಅವಳು ಬರೆಯುವ ಮೊದಲು ಹೂವಿನವಳ ಕೆಲಸ ಮಾಡಿದಳು. ಹುಡುಗಿಯ ಕಡೆ ತಿರುಗಿದಳು.

"ನಿಂಗೇನ್ ಇಷ್ಟ ಯೋಳವ್ವ. ನವಿಲೇ ಬೇಕಾ?"

ಲಾವಣ್ಯ ಅಮ್ಮನ ಕಡೆ ನೋಡಿ ತಡವರಿಸಿದಳು. "ನವಿಲು ಎಲ್ಲಾರ್ ಸೀರೇಲೂ ಇರುತ್ತೆ ಆಂಟಿ. ನಂಗೆ... ನಮ್ಮ ತೋಟದಲ್ಲಿ ತೆಂಗು ಹೊಂಬಾಳೆ ಬಿಡುತ್ತಲ್ಲ, ಆಗತಾನೆ ಸಿಪ್ಪೆ ಬಿರಿದು ಒಳಗಿಂದ ಹಳದಿ ಇಣುಕುತ್ತಲ್ಲ, ಅದು ನಂಗೆ ಚಿಕ್ಕೋಳಿಂದ ಇಷ್ಟ. ಅದನ್ನೆಲ್ಲ ಸೀರೆ ಮೇಲೆ ಬರೆಯೋಕಾಗುತ್ತಾ?"

"ಯಾಕಾಗಲ್ಲ? ಅರ್ಧ ಬಿರಿದಿರ್ಬೇಕಾ, ಪೂರ್ತಿನಾ?"

"ಅರ್ಧ. ಅರ್ಧಕ್ಕಿಂತ ಒಂಚೂರು ಜಾಸ್ತಿ."

ಆಶಾರಾಣಿಯ ಕೈ ಆಗಲೇ ಓಡುತ್ತಿತ್ತು. ಅವಳ ಕಣ್ಣು ಒಮ್ಮೆ ಪರದೆಯ ಮೇಲೆ, ಒಮ್ಮೆ ಹುಡುಗಿಯ ಮುಖದ ಮೇಲೆ. ಕೈಯ ಕಡೆ ಮಾತ್ರ ಒಮ್ಮೆಯೂ ಇಲ್ಲ. ಹಳೇಬೀಡಿನ ಗೋಡೆಯ ಬಳ್ಳಿ ಎದ್ದು, ಬಾಗಿ, ಸುಳಿ ಸುತ್ತಿ, ಸುಳಿಯ ಹೊಟ್ಟೆಯಲ್ಲಿ ಹೊಂಬಾಳೆಯಾಗಿ ಬಿರಿಯತೊಡಗಿತು. "ನಿಮ್ಮದು ಗಿಡ್ಡ ತೆಂಗಾ, ಎತ್ತರದ್ದಾ?" "ಎತ್ತರದ್ದು ಆಂಟಿ." "ಹಂಗಾದ್ರೆ ಗೊನೆ ಹಿಂಗೆ ಜೋತಾಡ್ತೈತೆ." ಗೊನೆ ಜೋತಾಡಿತು. "ಅಯ್ಯೋ ಹಂಗೇ!" ಅಂದಳು ಲಾವಣ್ಯ. ಕುರ್ಚಿ ಬಿಟ್ಟು ಮಾನಿಟರಿನ ಮುಂದೆ ಬಂದು ನಿಂತಳು. ಹೊಂಬಾಳೆ ಇನ್ನೊಂಚೂರು ಬಿರಿಯಲಿ ಅಂದಳು, ಬಿರಿಯಿತು. ಅಲ್ಲೊಂದು ಅಳಿಲು ಇರಲಿ ಅಂದಳು. ಅಳಿಲು ಬಂದು ಬಳ್ಳಿಯ ಮೇಲೆ ಬಾಲ ಎತ್ತಿ ಕೂತಿತು. ಸಾವಿತ್ರಮ್ಮನೂ ಎದ್ದು ಬಂದರು. ನವಿಲಿನ ಮಾತು ಮರೆತು, "ಅಳಿಲಿನ ಬಾಯಲ್ಲಿ ಒಂದು ಎಳೆ ಹೂವ ಇಡಿ," ಅಂದರು. ಅದೂ ಆಯಿತು.

ಸಂತೋಷ್‌ನ ಜೋಡಿ ನವಿಲು ಅಷ್ಟು ಹೊತ್ತಿಗೆ ಮುಗಿದಿತ್ತು. ಒಂದೊಂದು ಗರಿಯೂ ಲಕ್ಷಣವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಅದನ್ನು ಬರೆದ ಅರ್ಧ ಗಂಟೆಯಲ್ಲಿ ಒಮ್ಮೆಯೂ ತಲೆ ಎತ್ತಿರಲಿಲ್ಲ. ಈಗ ಎತ್ತಿ ನೋಡಿದರೆ ಅವನ ಮೇಜಿನ ಹತ್ತಿರ ಯಾರೂ ಇರಲಿಲ್ಲ. ಅವನೂ ಪೆನ್ನು ಕೆಳಗಿಟ್ಟು ಈ ಕಡೆ ಬಂದ. ಆಶಾರಾಣಿಯ ಹಲಗೆ ನೋಡಿದ, ಅವಳ ಕೈ ನೋಡಿದ, ಪರದೆ ನೋಡಿದ.

"ಅಕ್ಕ, ಸ್ಕ್ರೀನ್ ಇಲ್ಲದ್ರಲ್ಲಿ ನನ್ ಕೈಲಿ ಒಂದು ನೆಟ್ಟನೆ ಗೆರೆನೂ ಬರ್ತಿರ್ಲಿಲ್ಲ. ಒಂದು ವಾರಕ್ಕೇ ಬಿಟ್ಟುಬಿಟ್ಟಿದ್ದೆ. ಎಷ್ಟು ವರ್ಷ ಆಯ್ತು ಕಲಿತು?"

"ಇವತ್ತಿಗೆ ಹದಿನೈದು ದಿನ ಕಣಪ್ಪ," ಅಂದಳು ಆಶಾರಾಣಿ. ಸಂತೋಷ್ ನಗಲಿಲ್ಲ, ಕೈ ಮುಗಿದ.

"ಅಮ್ಮ, ನಂಗೆ ಇದೇ," ಅಂದಳು ಲಾವಣ್ಯ. ಸಾವಿತ್ರಮ್ಮ ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಅವರು ಆಗಲೇ ಅಳಿಲಿನ ಬಣ್ಣದ ಬಗ್ಗೆ ಕೆಂಪಲಕ್ಷ್ಮಮ್ಮನ ಜೊತೆ ವಾದಕ್ಕೆ ಇಳಿದಿದ್ದರು.

ಆಪರೇಟರು ಅಂಚನ್ನು ಹೊಲಿಗೆಗೆ ಹೊಂದಿಸಲು ಕೂತ. ದಿನವಿಡೀ ಹಿಡಿಯುತ್ತದೆ ಅಂದಿದ್ದ ಕೆಲಸ ಅರ್ಧ ಗಂಟೆಗೆ ಮುಗಿಯಿತು. ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ಅವನು ಊಹಿಸಬೇಕಾಗಿಯೇ ಇರಲಿಲ್ಲ. ಮಾದರಿಗೆ ಅಂತ ಕೆಂಪು ರೇಷ್ಮೆ ತುಂಡುಗಳನ್ನು ಬಿಗಿದು ಗುಂಡಿ ಒತ್ತಿದ. ಯಂತ್ರದ ಆರು ತಲೆಗಳು ಒಟ್ಟಿಗೆ ಬಗ್ಗಿದವು. ಆರು ಸೂಜಿ, ಆರು ಬಳ್ಳಿ. ಹದಿನಾಲ್ಕು ವರ್ಷ ಪೆನ್ಸಿಲ್ಲಿನ ಬೂದು ಬಣ್ಣದಲ್ಲೇ ಕಂಡಿದ್ದ ತನ್ನ ಗೆರೆ ಜರಿಯ ದಾರದಲ್ಲಿ ಹೊಳೆಯುತ್ತ ಏಳುವುದನ್ನು ಆಶಾರಾಣಿ ಬಾಯಿ ತೆರೆದುಕೊಂಡು ನೋಡಿದಳು. ಅವಳಿಗೆ ಕೂಗಬೇಕು ಅನ್ನಿಸಿತು. ಕೂಗಿಯೂ ಬಿಟ್ಟಳು. ಅಂಗಡಿಯಲ್ಲಿ ಸೀರೆ ನೋಡುತ್ತಿದ್ದವರೆಲ್ಲ ಏನಾಯಿತೋ ಅಂತ ಹಿಂದಕ್ಕೆ ಓಡಿ ಬಂದರು.

ದರ್ಶಿನಿ ಕಂಪ್ಯೂಟರಿನ ಮುಂದೆ ಕೂತು ಫೈಲನ್ನು ಸೇವ್ ಮಾಡಲು ಹೊರಟಳು. ಅಲ್ಲಿದ್ದ ಸಾವಿರಾರು ಡಿಸೈನುಗಳಿಗೂ ಬರೀ ನಂಬರು, ಒಂದಕ್ಕೂ ಹೆಸರಿಲ್ಲ.

"ಇದಕ್ಕೆ ಎಷ್ಟನೇ ನಂಬರ್ ಹಾಕ್ಲಿ ಆಶಕ್ಕ?"

"ನಂಬರ್ ಬ್ಯಾಡ ಮೇಡಂ. ನನ್ ಹೆಸ್ರು ಹಾಕಿ."

ದರ್ಶಿನಿ ಒಂದೊಂದೇ ಅಕ್ಷರ ಒತ್ತಿ, ಕೊನೆಗೆ ಒಂದು ಅಂಕಿ ಸೇರಿಸಿದಳು. ಆಶಾರಾಣಿ 1.

ಕೆಂಪಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿಕೊಂಡು ಪರದೆಯ ಹತ್ತಿರ ಬಂದಳು. "ಹೆಸ್ರು ಸರಿ. ಅದ್ರ ಮುಂದೆ ಒಂದು ಅಂತ ಯಾಕೆ?"

"ಇನ್ನೂ ಬರ್ತಾವಲ್ಲ ಅಜ್ಜಿ, ಅದಕ್ಕೆ," ಅಂದಳು ದರ್ಶಿನಿ. ಆಶಾರಾಣಿಯ ಕಡೆ ತಿರುಗಿ, "ಎರಡನೇದು ಯಾವಾಗ ಕೊಡ್ತೀರಿ?" ಅಂತ ಕೇಳಿದಳು.

ಆಶಾರಾಣಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಪೆನ್ನು ಎತ್ತಿಕೊಂಡಳು. "ಸ್ವಲ್ಪ ಜರುಗಿ ಮೇಡಂ, ಬಸ್ಸಿಗೆ ಇನ್ನೂ ಒಂದ್ ಗಂಟೆ ಐತೆ. ಈಗ್ಲೇ ಕೊಡ್ತೀನಿ."